ಜ್ಞಾನದಾನಂದಿನಿ ದೇವಿ

ಕೊಳ್ಳೇಗಾಲದ ರೇಷ್ಮೆ ಸೀರೆ ನಾಡಿನಲ್ಲೆಲ್ಲ ಹೆಸರಾದುದು. ಅದನ್ನು ಹನೂರು ಸೀಮೆಯ ಮಾರ್ಟಳ್ಳಿಯ ಹೆಣ್ಣುಮಗಳೊಬ್ಬಳು ಮದುವೆಮನೆಗೆಂದು ಉಟ್ಟರೂ, ಬೆಂಗಳೂರಿನ ಅಧಿಕಾರಿಣಿಯೊಬ್ಬರು ಸಭೆಗೆಂದು ಉಟ್ಟರೂ, ಉಡುವ ಕ್ರಮ ಬಹುಮಟ್ಟಿಗೆ ಒಂದೇ. ಒಳಗೆ ಲಂಗ, ಮೈಗೆ ರವಿಕೆ, ಮುಂದೆ ನಿರಿಗೆ, ಎಡ ಹೆಗಲ ಮೇಲೆ ಸೆರಗು. ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೂ ಇಂದು ಸಾಮಾನ್ಯವಾಗಿ ಕಾಣುವ ಉಡುಗೆ ಇದೇ ಆಗಿದೆ.

ನೂರೈವತ್ತು ವರ್ಷಗಳ ಹಿಂದೆ ಹೀಗಿರಲಿಲ್ಲ. ಸೀಮೆಗೊಂದು ಕ್ರಮ, ಜಾತಿಗೊಂದು ಕ್ರಮವಿತ್ತು. ಕೊಡಗಿನ ಸ್ತ್ರೀಯರು ಇಂದಿಗೂ ನಿರಿಗೆಯನ್ನು ಬೆನ್ನ ಹಿಂದೆ ಸಿಕ್ಕಿಸುವುದನ್ನೂ, ಉತ್ತರ ಕರ್ನಾಟಕದ ಹಿರಿಯ ಮುತ್ತೈದೆಯರು ಕಚ್ಚೆ ಹಾಕಿ ಉಡುವುದನ್ನೂ ನಾವು ಬಲ್ಲೆವು. ಗುಜರಾತಿನಲ್ಲಿ ಸೆರಗು ಬಲ ಹೆಗಲ ಮೇಲಿಂದ ಮುಂದಕ್ಕೆ ಇಳಿಯುತ್ತದೆ. ಎಡ ಹೆಗಲಿಗೆ ಸೆರಗು ಹೊದೆಯುವ ರೂಢಿಯೂ ದಕ್ಷಿಣದ ಹಲವೆಡೆ ಮೊದಲಿನಿಂದ ಇದ್ದುದೇ. ಆದುದರಿಂದ ಇಂದಿನ ಕ್ರಮವನ್ನು ಒಬ್ಬರೇ ಕಂಡುಹಿಡಿದರೆಂದು ಹೇಳುವುದು ಸರಿಯಾಗಲಾರದು. ಆದರೆ ಮನೆಯೊಳಗಿನ ಸೀರೆಯನ್ನು ಸಭೆಗೆ ಸಲ್ಲುವ ಪೂರ್ಣ ಉಡುಗೆಯನ್ನಾಗಿ ಮಾಡಿ, ಅದನ್ನು ಹೇಗೆ ಉಡಬೇಕೆಂದು ಊರ ಹೆಂಗಸರಿಗೆ ಕರೆದು ಕಲಿಸಿದ ಒಬ್ಬ ಮಹಿಳೆ ಬಂಗಾಳದಲ್ಲಿದ್ದರು. ಯಾರಿಗೆ ಯಾವ ಉಡುಪು ಒಪ್ಪುತ್ತದೆಂದು ಸಲಹೆ ಕೊಡುವುದು ಇಂದು ನಗರಗಳಲ್ಲಿ ಒಂದು ವೃತ್ತಿಯೇ ಆಗಿದೆ. ಆ ಕೆಲಸಕ್ಕೆ ಹೆಸರೇ ಇಲ್ಲದಿದ್ದ ಕಾಲದಲ್ಲಿ ಅದನ್ನು ಕೈಗೊಂಡವರು ಜ್ಞಾನದಾನಂದಿನಿ ದೇವಿ.

ಇವರು 1850ರಲ್ಲಿ ಜೆಸ್ಸೋರ್ ಜಿಲ್ಲೆಯ ನರೇಂದ್ರಪುರವೆಂಬ ಹಳ್ಳಿಯಲ್ಲಿ ಜನಿಸಿದರು. ಆ ಪ್ರದೇಶ ಈಗ ಬಾಂಗ್ಲಾದೇಶಕ್ಕೆ ಸೇರಿದೆ. ತಂದೆ ಅಭಯಚರಣ ಮುಖೋಪಾಧ್ಯಾಯ, ತಾಯಿ ನಿಸ್ತಾರಿಣಿ ದೇವಿ. ಆ ಕಾಲದ ಪದ್ಧತಿಯಂತೆ ಏಳೆಂಟು ವರ್ಷದ ಬಾಲಿಕೆಗೆ ಮದುವೆಯಾಯಿತು. ವರನು ಕಲ್ಕತ್ತೆಯ ಜೋಡಾಸಾಂಕೋದ ಠಾಕೂರ್ ಮನೆತನದ ಸತ್ಯೇಂದ್ರನಾಥ. ಬ್ರಹ್ಮಸಮಾಜದ ನಾಯಕರಾದ ಮಹರ್ಷಿ ದೇವೇಂದ್ರನಾಥರ ಎರಡನೆಯ ಮಗ. ಕವಿ ರವೀಂದ್ರನಾಥರು ಇವರ ಕಿರಿಯ ತಮ್ಮ.

ಮಾವನವರು ಧರ್ಮಸುಧಾರಕರಾಗಿದ್ದರೂ ಆ ದೊಡ್ಡ ಮನೆಯ ಅಂತಃಪುರ ಹಳೆಯ ಕಟ್ಟಿನದೇ ಆಗಿತ್ತು. ಹಳ್ಳಿಯಲ್ಲಿ ಆಡಿ ಬೆಳೆದ ಹುಡುಗಿ ಇಲ್ಲಿ ಮುಸುಕೆಳೆದುಕೊಂಡು ಒಳಮನೆಯಲ್ಲಿ ಕುಳಿತಳು. ಪರಪುರುಷರ ಮುಖವನ್ನು ಸೊಸೆಯಂದಿರು ನೋಡುವಂತಿರಲಿಲ್ಲ. ಸತ್ಯೇಂದ್ರನಾಥರಿಗಾದರೋ ಸ್ತ್ರೀಯರ ಈ ಸೆರೆವಾಸ ಸ್ವಲ್ಪವೂ ಸಹ್ಯವಾಗಿರಲಿಲ್ಲ. ತಮ್ಮ ಗೆಳೆಯ ಮನೋಮೋಹನ ಘೋಷರಿಗೆ ಹೆಂಡತಿಯನ್ನು ಪರಿಚಯಿಸಬೇಕೆಂದು ಒಂದು ರಾತ್ರಿ ಅವರು ಗೆಳೆಯನನ್ನು ಕದ್ದು ಒಳಗೆ ಕರೆತಂದರಂತೆ. ಇಬ್ಬರ ಹೆಜ್ಜೆಯ ಸದ್ದು ಒಬ್ಬರದೇ ಎಂಬಂತೆ ಕೇಳಿಸಲೆಂದು ಇಬ್ಬರೂ ಜೊತೆಜೊತೆಗೆ ಕಾಲಿಟ್ಟು ನಡೆದರು. ಇಷ್ಟು ಸಾಹಸ ಮಾಡಿಯೂ ಫಲವೇನು? ಸೊಳ್ಳೆಪರದೆಯೊಳಗೆ ಗೆಳೆಯನೊಂದು ಕಡೆ, ಬಾಲವಧು ಒಂದು ಕಡೆ ಮಾತಿಲ್ಲದೆ ಕುಳಿತರು. ಸ್ವಲ್ಪ ಹೊತ್ತಿನ ಮೇಲೆ ಬಂದ ದಾರಿಯಲ್ಲೇ ಗೆಳೆಯನನ್ನು ಹೊರಗೆ ಬಿಟ್ಟುಬಂದರು.

1862ರಲ್ಲಿ ಸತ್ಯೇಂದ್ರನಾಥರು ಇಂಗ್ಲೆಂಡಿಗೆ ತೆರಳಿದರು. ಇಂಡಿಯನ್ ಸಿವಿಲ್ ಸರ್ವಿಸ್ ಪರೀಕ್ಷೆಯಲ್ಲಿ ತೇರ್ಗಡೆಯಾದ ಮೊದಲ ಭಾರತೀಯರು ಅವರೇ. ಹೆಂಡತಿಯನ್ನೂ ಅಲ್ಲಿಗೆ ಕಳುಹಿಸಬೇಕೆಂಬ ಅವರ ಬೇಡಿಕೆಗೆ ತಂದೆ ಒಪ್ಪಲಿಲ್ಲ. ಜ್ಞಾನದಾನಂದಿನಿಯವರ ವಿದ್ಯಾಭ್ಯಾಸ ಮನೆಯಲ್ಲಿಯೇ ನಡೆಯಿತು. ಮೈದುನ ಹೇಮೇಂದ್ರನಾಥರು ಪಾಠ ಹೇಳುವರು. ಅತ್ತಿಗೆ ಮುಸುಕು ಹಾಕಿಕೊಂಡೇ ಎದುರಿಗೆ ಕುಳಿತು ಕಲಿಯುವರು.

1864ರಲ್ಲಿ ಸತ್ಯೇಂದ್ರನಾಥರು ಹಿಂದಿರುಗಿದರು. ಅವರಿಗೆ ಮುಂಬಯಿ ಪ್ರಾಂತದಲ್ಲಿ ಅಧಿಕಾರ ದೊರೆತಿತ್ತು. ಈ ಬಾರಿ ಹೆಂಡತಿಯನ್ನು ಕರೆದೊಯ್ಯಲು ತಂದೆಯ ಅನುಮತಿ ಸಿಕ್ಕಿತು. ಆದರೆ ಆಗ ಎದುರಾದ ತೊಡಕು ಯಾರೂ ಎಣಿಸದಂಥದು: ಹೊರಗೆ ಹೋಗುವಾಗ ಆಕೆ ಉಡುವುದೇನನ್ನು?

ಈ ಪ್ರಶ್ನೆ ಇಂದು ನಮಗೆ ಅಲ್ಪವೆಂದು ತೋರಬಹುದು. ಅಂದಿನ ಬಂಗಾಳದ ಸ್ಥಿತಿವಂತರ ಮನೆಗಳಲ್ಲಿ ಸ್ತ್ರೀಯರ ಉಡುಗೆ ಒಂದೇ ಒಂದು ತೆಳುವಾದ ಸೀರೆ. ಅದರೊಳಗೆ ಲಂಗವಿಲ್ಲ, ಮೈಗೆ ರವಿಕೆಯಿಲ್ಲ. ಮನೆಯ ಹೊರಗೆ ಕಾಲಿಡದವರಿಗೆ ಅದು ಸಾಲುತ್ತಿತ್ತು. ಅಂತಃಪುರಕ್ಕೆ ಗೋಡೆಯೊಂದೇ ಕಾವಲಾಗಿರಲಿಲ್ಲ. ಉಟ್ಟ ಬಟ್ಟೆಯೂ ಕಾವಲಾಗಿತ್ತು. ಬಾಗಿಲು ತೆರೆದು ಹೊರಡೆಂದು ಹೇಳಿದರೂ ಹೆಣ್ಣು ಹೊರಡಲಾರಳು. ಸ್ತ್ರೀಸ್ವಾತಂತ್ರ್ಯವನ್ನು ಕುರಿತು ಆ ಕಾಲದಲ್ಲಿ ಭಾಷಣ ಮಾಡಿದ ಮಹನೀಯರು ಅನೇಕರಿದ್ದರು. ಅವರಲ್ಲಿ ಎಷ್ಟು ಮಂದಿಗೆ ಈ ಸಣ್ಣ ತೊಡಕು ಹೊಳೆದಿತ್ತೋ!

ಸತ್ಯೇಂದ್ರನಾಥರು ಫ್ರೆಂಚ್ ದರ್ಜಿಯ ಅಂಗಡಿಯೊಂದರಿಂದ ಪೌರ್ವಾತ್ಯ ಮಾದರಿಯದೆನ್ನಲಾದ ಉಡುಪೊಂದನ್ನು ಮಾಡಿಸಿ ತಂದರು. ಅದು ಎಷ್ಟು ಜಟಿಲವಾಗಿತ್ತೆಂದರೆ ಆಕೆ ತಾನಾಗಿ ಅದನ್ನು ತೊಡಲಾರದೆ ಪ್ರತಿಸಲವೂ ಗಂಡನ ನೆರವು ಬೇಕಾಯಿತು. ಪ್ರಯಾಣದ ದಿನ ಇನ್ನೊಂದು ವಿವಾದ. ಸೊಸೆಯನ್ನು ಗಾಡಿಯಲ್ಲಿ ಕೂರಿಸಿಕೊಂಡು ಹಡಗುಕಟ್ಟೆಗೆ ಹೋಗಬೇಕೆಂದು ಮಗನ ಆಸೆ. ಅದಕ್ಕೆ ತಂದೆಯ ಒಪ್ಪಿಗೆಯಿಲ್ಲ. ಕೊನೆಗೆ ಪಲ್ಲಕ್ಕಿಯೇ ಆಕೆಯನ್ನು ಹಡಗಿನವರೆಗೆ ಹೊತ್ತೊಯ್ದಿತು.

ಮುಂಬಯಿಯಲ್ಲಿ ದಂಪತಿಗಳು ಕೆಲವು ತಿಂಗಳು ಮಾಣೆಕ್‌ಜಿ ಕರ್ಸೆಟ್‌ಜಿಯವರ ಮನೆಯಲ್ಲಿ ತಂಗಿದರು. ಹೆಣ್ಣುಮಕ್ಕಳಿಗೆ ಇಂಗ್ಲಿಷ್ ವಿದ್ಯಾಭ್ಯಾಸ ಕೊಡಿಸಲು ದುಡಿದ ಪಾರ್ಸಿ ಗೃಹಸ್ಥರು ಅವರು. ಆ ಮನೆಯ ಹೆಂಗಸರು ಅತಿಥಿಗಳೊಡನೆ ಕುಳಿತು ಮಾತನಾಡುತ್ತಿದ್ದರು, ಹೊರಗೆ ತಿರುಗಾಡುತ್ತಿದ್ದರು. ಅವರು ಉಡುತ್ತಿದ್ದುದು ಸೀರೆಯನ್ನೇ. ಆದರೆ ಅದಕ್ಕೆ ತಕ್ಕ ಕುಪ್ಪಸವಿತ್ತು, ಒಳಉಡುಪಿತ್ತು. ಸೀರೆ ಮೈಮೇಲೆ ನಿಲ್ಲುತ್ತಿತ್ತು. ಜ್ಞಾನದಾನಂದಿನಿ ಇದನ್ನು ಕಂಡರು. ದರ್ಜಿಯ ವಿಚಿತ್ರ ಉಡುಪು ಮೂಲೆ ಸೇರಿತು.

ಅವರ ಹೆಚ್ಚಳವಿರುವುದು ಇಲ್ಲಿಂದ ಮುಂದೆ. ಕಂಡುದನ್ನು ಕಂಡಂತೆಯೇ ಅವರು ಅನುಸರಿಸಲಿಲ್ಲ. ಪಾರ್ಸಿ ಹಾಗೂ ಗುಜರಾತಿ ಕ್ರಮದಲ್ಲಿ ಸೆರಗು ಬಲ ಹೆಗಲಿನಿಂದ ಮುಂದಕ್ಕೆ ಬೀಳುತ್ತದೆ. ಇವರು ಅದನ್ನು ಎಡ ಹೆಗಲಿಗೆ ತಂದರು. ಹೀಗೆ ಮಾಡಿದರೆ ಬಲಗೈಗೆ ತೊಡಕಿಲ್ಲ. ಬಂದವರನ್ನು ಆದರಿಸಬಹುದು, ಕೈಕುಲುಕಬಹುದು, ಬೇಕಾದ ವಸ್ತುವನ್ನು ಎತ್ತಿ ಕೊಡಬಹುದು. ಸೀರೆಯ ಕೆಳಗೆ ಲಂಗ, ಮೇಲೆ ರವಿಕೆ, ಕಾಲಿಗೆ ಪಾದರಕ್ಷೆ, ಇವೆಲ್ಲ ಕೂಡಿ ಹೊಸ ಉಡುಗೆಯಾಯಿತು. ಆ ಕಾಲದಲ್ಲಿ ಮುಂದುವರಿದವರೆನಿಸಿದ ಕೆಲವು ಮನೆಗಳಲ್ಲಿ ಸ್ತ್ರೀಯರಿಗೆ ಇಂಗ್ಲಿಷರ ಗೌನನ್ನೇ ತೊಡಿಸುವ ಹುಮ್ಮಸ್ಸು ಕಾಣಿಸಿಕೊಂಡಿತ್ತು. ಜ್ಞಾನದಾನಂದಿನಿ ಸೀರೆಯನ್ನು ಕೈಬಿಡಲಿಲ್ಲ. ಇದು ಅವರ ವಿವೇಕವೆಂದೇ ನಾನು ಎಣಿಸುತ್ತೇನೆ. ಗೌನು ಕೊಳ್ಳಬಲ್ಲವರು ಊರಿಗೆ ಹತ್ತು ಮನೆ. ಸೀರೆ ಎಲ್ಲರ ಪೆಟ್ಟಿಗೆಯಲ್ಲಿಯೂ ಇತ್ತು.

1866ರಲ್ಲಿ ಅವರು ಕಲ್ಕತ್ತೆಗೆ ಬಂದಾಗ ಪಲ್ಲಕ್ಕಿ ಬೇಕಾಗಲಿಲ್ಲ. ಎಲ್ಲರ ಕಣ್ಣೆದುರಿನಲ್ಲೇ ಮನೆಯ ಬಾಗಿಲಲ್ಲಿ ಗಾಡಿಯಿಂದ ಇಳಿದರು. ಆ ದಿನ ಮನೆಯಲ್ಲಿ ಶೋಕವೇ ಆವರಿಸಿತೆಂದು ನಾದಿನಿ ಸ್ವರ್ಣಕುಮಾರಿ ದೇವಿಯವರು ಬರೆದಿದ್ದಾರೆ. ಅದೇ ವರ್ಷದ ಕೊನೆಯಲ್ಲಿ ವೈಸರಾಯ್ ಲಾರ್ಡ್ ಲಾರೆನ್ಸರು ನೀಡಿದ ಔತಣಕೂಟಕ್ಕೆ ಜ್ಞಾನದಾನಂದಿನಿ ಹೋದರು. ಅಲ್ಲಿದ್ದ ಕೆಲವರು ಇವರನ್ನು ಭೋಪಾಲದ ಬೇಗಂ ಎಂದು ತಿಳಿದರಂತೆ. ಅಂಥ ಸಭೆಯಲ್ಲಿ ಬೇರೆ ಭಾರತೀಯ ಮಹಿಳೆಯನ್ನು ಕಾಣುವ ನಿರೀಕ್ಷೆಯೇ ಇರಲಿಲ್ಲ. ಅತಿಥಿಯಾಗಿ ಬಂದಿದ್ದ ಬಂಧು ಪ್ರಸನ್ನಕುಮಾರ ಠಾಕೂರರಿಗೆ ಮಾತ್ರ ಆಕೆ ಯಾರೆಂಬುದು ತಿಳಿಯಿತು. ತಮ್ಮ ವಂಶದ ಸೊಸೆ ಸಭೆಯಲ್ಲಿ ನಿಂತಿರುವುದನ್ನು ನೋಡಲಾರದೆ ಅವರು ನಾಚಿಕೆಯಿಂದ ಹೊರಟುಹೋದರು. ಮಾವನವರಿಗೂ ಸೊಸೆಯ ಈ ಸ್ವತಂತ್ರ ನಡೆ ಹಿಡಿಸಲಿಲ್ಲ. ಮನೆಯೊಳಗೆ ಮನಸ್ತಾಪ ಬೆಳೆಯಿತು.

ತಾನೊಬ್ಬಳು ಚೆನ್ನಾಗಿ ಉಟ್ಟುಕೊಂಡರೆ ಸಾಕೆಂದು ಅವರು ಸುಮ್ಮನಿರಬಹುದಾಗಿತ್ತು. ಹಾಗೆ ಮಾಡದೆ ಬಾಮಾಬೋಧಿನಿ ಪತ್ರಿಕೆಯಲ್ಲಿ ಒಂದು ಪ್ರಕಟಣೆ ಕೊಟ್ಟರು. 1863ರಲ್ಲಿ ಸ್ತ್ರೀಯರಿಗಾಗಿಯೇ ಆರಂಭವಾದ ಬಂಗಾಳಿ ಪತ್ರಿಕೆ ಅದು. ಹೊಸ ರೀತಿಯಲ್ಲಿ ಸೀರೆಯುಡುವುದನ್ನು ಕಲಿಯಬಯಸುವವರಿಗೆ ತಾನು ಕಲಿಸುವೆನೆಂಬುದೇ ಪ್ರಕಟಣೆಯ ಸಾರ. ಶ್ರೀಮಂತ ಮನೆತನದ ಸೊಸೆಯೊಬ್ಬಳ ಹೆಸರು ಪತ್ರಿಕೆಯಲ್ಲಿ, ಅದೂ ಉಡುಗೆಯ ವಿಷಯದಲ್ಲಿ, ಅಚ್ಚಾಗುವುದೆಂದರೆ ಅಂದಿಗೆ ಎಷ್ಟು ದೊಡ್ಡ ಮಾತೆಂಬುದನ್ನು ವಿದ್ಯಾರ್ಥಿಗಳು ಊಹಿಸಿಕೊಳ್ಳಬೇಕು. ಕಲಿಯಲು ಬಂದ ಮೊದಲಿಗರಲ್ಲಿ ಐ.ಸಿ.ಎಸ್. ಅಧಿಕಾರಿ ಬಿಹಾರಿಲಾಲ ಗುಪ್ತರ ಪತ್ನಿ ಸೌದಾಮಿನಿಯವರು ಒಬ್ಬರು. ಬ್ರಹ್ಮಸಮಾಜದ ಮನೆಗಳಲ್ಲಿ ಈ ಕ್ರಮ ಬೇಗನೆ ಹಬ್ಬಿತು; ಜನ ಅದನ್ನು ಬ್ರಾಹ್ಮಿಕಾ ಸೀರೆಯೆಂದು ಕರೆದರು. ಮುಂದೆ ಕೇಶವಚಂದ್ರ ಸೇನರ ಮಗಳೂ ಕೂಚ್‌ಬಿಹಾರದ ಮಹಾರಾಣಿಯೂ ಆದ ಸುನೀತಿ ದೇವಿ ಸೆರಗನ್ನು ಹೆಗಲ ಮೇಲೆ ಪಿನ್ನಿನಿಂದ ಬಂಧಿಸುವ ಕ್ರಮವನ್ನು ಸೇರಿಸಿದರು. ಹೀಗೆ ಒಬ್ಬರ ಕಲ್ಪನೆಗೆ ಹಲವರ ಕೈ ಕೂಡುತ್ತ ಹೋಯಿತು.

ಸತ್ಯೇಂದ್ರನಾಥರ ಅಧಿಕಾರ ಈ ಕುಟುಂಬವನ್ನು ಕನ್ನಡ ನೆಲಕ್ಕೂ ಕರೆತಂದಿತು. ಅಂದು ಬಿಜಾಪುರ ಸೀಮೆಯೂ ಕಾರವಾರವೂ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಮಗ ಸುರೇಂದ್ರನಾಥ 1872ರಲ್ಲಿ ಪುಣೆಯಲ್ಲಿ ಹುಟ್ಟಿದರೆ, ಮಗಳು ಇಂದಿರಾ 1873ರ ಡಿಸೆಂಬರಿನಲ್ಲಿ ಹುಟ್ಟಿದ್ದು ಬಿಜಾಪುರ ಸೀಮೆಯಲ್ಲಿ.

1877ರಲ್ಲಿ ಜ್ಞಾನದಾನಂದಿನಿ ಮೂವರು ಮಕ್ಕಳೊಡನೆ, ಗಂಡನ ಜೊತೆಯಿಲ್ಲದೆ, ಇಂಗ್ಲೆಂಡಿಗೆ ಹೊರಟರು. ಆಗ ಆಕೆ ಗರ್ಭಿಣಿ. ಹನ್ನೊಂದು ವರ್ಷಗಳ ಹಿಂದೆ ಗಾಡಿಯಿಂದ ಇಳಿದುದಕ್ಕೆ ಕಣ್ಣೀರು ಕಂಡ ಮನೆಯಿಂದ ಸೊಸೆ ಸಮುದ್ರವನ್ನೇ ದಾಟಿದಳು. ಆ ಪ್ರವಾಸ ಸುಖಕರವಾಗಿರಲಿಲ್ಲ. ಪರದೇಶದಲ್ಲಿ ಆಕೆ ಕಿರಿಯ ಮಗನನ್ನು ಕಳೆದುಕೊಂಡರು. ಹುಟ್ಟಿದ ಕೂಸೂ ಉಳಿಯಲಿಲ್ಲ. ಮಕ್ಕಳಿಬ್ಬರನ್ನು ಕಟ್ಟಿಕೊಂಡು ಸಮುದ್ರತೀರದ ಬ್ರೈಟನ್ ಪಟ್ಟಣದ ಬಳಿ ಮನೆ ಹೂಡಿ ನಿಂತರು. 1878ರಲ್ಲಿ ಸತ್ಯೇಂದ್ರನಾಥರು ತರುಣ ರವೀಂದ್ರನಾಥರೊಡನೆ ಅಲ್ಲಿಗೆ ಬಂದರು. 1880ರಲ್ಲಿ ಎಲ್ಲರೂ ಸ್ವದೇಶಕ್ಕೆ ಮರಳಿದರು.

1883ರಲ್ಲಿ ಸತ್ಯೇಂದ್ರನಾಥರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದರು. ಅಣ್ಣನ ಮನೆಗೆ ಬಂದ ರವೀಂದ್ರನಾಥರು ಅಲ್ಲಿಯ ಕಡಲತೀರದಲ್ಲಿದ್ದಾಗ ಪ್ರಕೃತಿಯ ಪ್ರತಿಶೋಧವೆಂಬ ನಾಟಕವನ್ನು ರಚಿಸಿದರು. ಕಾರವಾರದ ಆ ತೀರ ಇಂದು ಅವರ ಹೆಸರನ್ನೇ ಹೊತ್ತಿದೆ. ಅದೇ ವರ್ಷ ಅವರ ವಿವಾಹವಾಯಿತು. ವಧುವನ್ನು ಹುಡುಕಲು ಜೆಸ್ಸೋರಿಗೆ ಹೋದವರಲ್ಲಿ ಜ್ಞಾನದಾನಂದಿನಿಯೂ ಇದ್ದರು. ಹತ್ತರ ಹರೆಯದ ಆ ಹಳ್ಳಿಯ ಹುಡುಗಿ ಮೃಣಾಲಿನಿಯನ್ನು ತಮ್ಮ ಬಳಿ ಇರಿಸಿಕೊಂಡು, ಉಡುವುದು, ನಡೆಯುವುದು, ನಾಲ್ವರೆದುರು ಮಾತನಾಡುವುದು ಎಲ್ಲವನ್ನೂ ಅವರೇ ತಿದ್ದಿದರು. ತಾವು ಅದೇ ಜೆಸ್ಸೋರಿನಿಂದ ಬಂದು ಮುಸುಕಿನೊಳಗೆ ಕುಳಿತ ದಿನಗಳು ಅವರಿಗೆ ಮರೆತಿರಲಾರದು. ಈ ಹುಡುಗಿ ಮಾತ್ರ ಶಾಲೆಗೂ ಹೋದಳು.

1885ರಲ್ಲಿ ಜ್ಞಾನದಾನಂದಿನಿ ಮಕ್ಕಳಿಗಾಗಿ ಬಾಲಕ್ ಎಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಅದಕ್ಕೆ ಬರೆಯುವ ಭಾರದ ಬಹುಪಾಲು ರವೀಂದ್ರನಾಥರ ಮೇಲೆ ಬಿತ್ತು. ಅವರ ರಾಜರ್ಷಿ ಕಾದಂಬರಿ ಮೊದಲು ಬೆಳಕು ಕಂಡದ್ದು ಅದರಲ್ಲಿಯೇ. ಒಂದು ವರ್ಷ ನಡೆದ ಮೇಲೆ ಬಾಲಕ್, ಭಾರತಿ ಎಂಬ ಪತ್ರಿಕೆಯಲ್ಲಿ ಲೀನವಾಯಿತು. ಮಕ್ಕಳು ಆಡಲು ಕೆಲವು ನಾಟಕಗಳನ್ನೂ ಅವರು ಬರೆದರು.

ನಿವೃತ್ತಿಯ ನಂತರದ ದಿನಗಳಲ್ಲಿ ದಂಪತಿಗಳು ರಾಂಚಿಯಲ್ಲಿ ಬಹುಕಾಲ ವಾಸಿಸಿದರು. 1923ರಲ್ಲಿ ಸತ್ಯೇಂದ್ರನಾಥರು ತೀರಿಕೊಂಡರು. 1941ರ ಆಗಸ್ಟಿನಲ್ಲಿ ರವೀಂದ್ರನಾಥರು ಕಣ್ಮುಚ್ಚಿದರು. ಎರಡು ತಿಂಗಳೂ ತುಂಬುವ ಮೊದಲೇ, ಅಕ್ಟೋಬರ್ 1ರಂದು, ತೊಂಬತ್ತೊಂದು ವರ್ಷದ ಅತ್ತಿಗೆಯೂ ಹೊರಟುಹೋದರು. ಮುಪ್ಪಿನಲ್ಲಿ ಅವರು ಹೇಳಿದ ನೆನಪುಗಳನ್ನು ಮಗಳು ಇಂದಿರಾ ದೇವಿ ಕಾಪಾಡಿ, ಪುರಾತನಿ ಎಂಬ ಪುಸ್ತಕದಲ್ಲಿ ಸೇರಿಸಿದರು. ಮುಸುಕಿನ ಪಾಠ, ಪಲ್ಲಕ್ಕಿಯ ಪ್ರಯಾಣ, ಮುಂಬಯಿಯ ಮನೆ ಇವುಗಳ ಕಥೆ ನಮ್ಮವರೆಗೆ ಬಂದಿರುವುದು ಬಿಜಾಪುರ ಸೀಮೆಯಲ್ಲಿ ಹುಟ್ಟಿದ ಆ ಮಗಳ ದೆಸೆಯಿಂದ.