ಸಂಬಳವಿಲ್ಲದ ಸೂಪರಿಂಟೆಂಡೆಂಟ್: ಅನಂತಕೃಷ್ಣ ಅಯ್ಯರ್

ಮಗನೋ ಮಗಳೋ ಹನ್ನೊಂದನೆಯ ತರಗತಿಯಲ್ಲಿ ಸಮಾಜಶಾಸ್ತ್ರವನ್ನು ಆರಿಸಿಕೊಂಡರೆ, ಬೇರೇನೂ ದಕ್ಕದೆ ಇದನ್ನು ಹಿಡಿದರೆಂದು ಮರುಗುವ ತಂದೆತಾಯಿಗಳು ನಮ್ಮಲ್ಲಿ ಕಡಮೆಯಿಲ್ಲ. 2006ರಲ್ಲಿ ಹೊರಬಂದ ಆ ತರಗತಿಯ ರಾಷ್ಟ್ರೀಯ ಪಠ್ಯಪುಸ್ತಕವು ಭಾರತೀಯ ಸಮಾಜಶಾಸ್ತ್ರಜ್ಞರ ಕಥೆಯನ್ನು ಆರಂಭಿಸಿರುವುದು ಒಬ್ಬ ಗುಮಾಸ್ತರಿಂದ ಎಂಬುದನ್ನು ಅಂಥವರ ಗಮನಕ್ಕೆ ತರಬಯಸುತ್ತೇವೆ.

ಎಲ್. ಕೆ. ಅನಂತಕೃಷ್ಣ ಅಯ್ಯರ್ ಅವರು 1861ರಲ್ಲಿ ಪಾಲಘಾಟಿನ ಕಡೆ ಜನಿಸಿದರು. ಗುಮಾಸ್ತೆಗಿರಿಯಿಂದ ಉದ್ಯೋಗ ಜೀವನವನ್ನು ತೊಡಗಿ, ಶಾಲಾ ಉಪಾಧ್ಯಾಯರಾಗಿ, ಮುಂದೆ ಎರ್ನಾಕುಲಂನ ಮಹಾರಾಜಾ ಕಾಲೇಜಿನ ಅಧ್ಯಾಪಕರಾದರು. ದೇಶೀಯ ಸಂಸ್ಥಾನಗಳಲ್ಲಿಯೂ ಜಾತಿ ಬುಡಕಟ್ಟುಗಳ ಪರಿಶೀಲನೆ ನಡೆಯಬೇಕೆಂದು ಆಂಗ್ಲ ಸರಕಾರವು ಬಯಸಿದಾಗ, 1902ರಲ್ಲಿ ಕೊಚ್ಚಿಯ ದಿವಾನರು ಆ ಭಾರವನ್ನು ಇವರಿಗೆ ವಹಿಸಿದರು. ಹುದ್ದೆಯ ಹೆಸರು ಸೂಪರಿಂಟೆಂಡೆಂಟ್. ಸಂಬಳ ಮಾತ್ರ ಇರಲಿಲ್ಲ. ಸರಕಾರಗಳ ಈ ಜಾಣತನವು ನಮ್ಮ ಗುಮಾಸ್ತ ಬಂಧುಗಳಿಗೆ ಹೊಸದಲ್ಲ!

ವಾರವೆಲ್ಲ ಪಾಠ, ವಾರದ ಕೊನೆಯಲ್ಲಿ ಈ ಸಂಶೋಧನೆ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಕಲಿತ ನಮ್ಮವರಿಗೆ ಇಂತಹ ದಿನಚರಿಯನ್ನು ವಿವರಿಸಬೇಕಾಗಿಲ್ಲ. ಮದುವೆ, ದಾಯಭಾಗ, ಆಹಾರ, ಕಸುಬು, ಉತ್ತರಕ್ರಿಯೆ ಇವುಗಳನ್ನು ಒಂದೊಂದು ಜನವರ್ಗದಲ್ಲಿಯೂ ವಿಚಾರಿಸಿ ಬರೆದಿಟ್ಟದ್ದು 1909 ಮತ್ತು 1912ರಲ್ಲಿ ಎರಡು ಸಂಪುಟಗಳಾಗಿ ಹೊರಬಂದಿತು. ಇವರು ಮಾನವಶಾಸ್ತ್ರದಲ್ಲಿ ಯಾವ ಪದವಿಯನ್ನೂ ಪಡೆದವರಲ್ಲ. ಆದರೂ ಕಲಕತ್ತಾ ವಿಶ್ವವಿದ್ಯಾನಿಲಯವು ಇವರನ್ನು ಕರೆಯಿಸಿಕೊಂಡಿತು. ದೇಶದಲ್ಲಿಯೇ ಮೊದಲನೆಯದಾದ ಮಾನವಶಾಸ್ತ್ರದ ಸ್ನಾತಕೋತ್ತರ ವಿಭಾಗವನ್ನು ಅಲ್ಲಿ ಕಟ್ಟಲು ನೆರವಾಗಿ, 1917ರಿಂದ 1932ರವರೆಗೆ ಅಲ್ಲಿಯೇ ಇದ್ದರು. ಯೂರೋಪಿನ ಪ್ರವಾಸ, ಜರ್ಮನಿಯ ವಿಶ್ವವಿದ್ಯಾನಿಲಯವೊಂದರ ಗೌರವ ಡಾಕ್ಟರೇಟು, ದಿವಾನ್ ಬಹದ್ದೂರ್ ಬಿರುದು ಇವೆಲ್ಲ ತಾವಾಗಿ ಬಂದವು.

ಆಳುವವರ ಅನುಕೂಲಕ್ಕಾಗಿ ಹುಟ್ಟಿದ ಈ ಪರಿಶೀಲನೆಗಳು ಜನರನ್ನು ಜಾತಿಯ ಖಾನೆಗಳಲ್ಲಿ ಬಿಗಿದಿಟ್ಟವೆಂಬ ಆಕ್ಷೇಪಣೆಯುಂಟು. ಅದು ನಿರಾಧಾರವೆಂದು ನಾವು ಹೇಳಲಾರೆವು. ಇಂದಿನ ವಿದ್ಯಾರ್ಥಿಯು ಆ ಎಚ್ಚರದಿಂದಲೇ ಅವನ್ನು ಓದಬೇಕು.

ಕನ್ನಡಿಗರಿಗಂತೂ ಇವರ ಋಣ ಬೇರೆಯೇ ಇದೆ. ಕನ್ನಡ ಸಾಹಿತ್ಯ ಪರಿಷತ್ತಿನ ಮೊದಲ ಅಧ್ಯಕ್ಷರಾದ ಎಚ್. ವಿ. ನಂಜುಂಡಯ್ಯನವರು ಮೈಸೂರು ಸಂಸ್ಥಾನದ ಜಾತಿ ಬುಡಕಟ್ಟುಗಳ ಪರಿಶೀಲನೆಯನ್ನು ಕೈಗೊಂಡು, ಅದು ಪುಸ್ತಕರೂಪ ತಾಳುವ ಮೊದಲೇ, 1920ರಲ್ಲಿ ತೀರಿಕೊಂಡಿದ್ದರು. ಆ ಕೆಲಸವನ್ನು ಪೂರೈಸಿದವರು ಅಯ್ಯರ್. ನಾಲ್ಕು ಸಂಪುಟಗಳು 1928ರಿಂದ ಒಂದೊಂದಾಗಿ ಅಚ್ಚಾದವು. ರಕ್ಷಾಪತ್ರದ ಮೇಲೆ ಇಬ್ಬರ ಹೆಸರೂ ಇದೆ. ಕಡೆಯದು 1935ರಲ್ಲಿ ಬಂದಾಗ ಅಯ್ಯರ್ ಅವರಿಗೆ ಎಪ್ಪತ್ತು ದಾಟಿತ್ತು. ಎರಡು ವರ್ಷಗಳ ತರುವಾಯ ಅವರೂ ತೀರಿಕೊಂಡರು.