ಬಟ್ಟೆ ಒಗೆಯುವಾಕೆಯ ಮಗಳು ಕಟ್ಟಿದ ಬ್ಯಾಂಕು

ಬ್ಯಾಂಕ್ ಅಂದರೆ ದೊಡ್ಡವರ ವ್ಯವಹಾರ ಅಂತಲೇ ನಾವೆಲ್ಲ ತಿಳಿದವರು. ಮ್ಯಾಗಿ ವಾಕರ್ ಕಟ್ಟಿದ ಬ್ಯಾಂಕಿನ ಹೆಸರಲ್ಲೇ 'ಪೆನ್ನಿ' ಇತ್ತು, ಅಂದರೆ ಚಿಲ್ಲರೆ ಕಾಸು.

ಮ್ಯಾಗಿ ಹುಟ್ಟಿದ್ದು ಅಮೆರಿಕದ ರಿಚ್ಮಂಡ್ ನಗರದಲ್ಲಿ. ತಾಯಿ ಎಲಿಜಬೆತ್ ಗುಲಾಮರಾಗಿದ್ದವರು. ಮಲತಂದೆ ನದಿಯಲ್ಲಿ ಹೆಣವಾಗಿ ಸಿಕ್ಕ ಮೇಲೆ ತಾಯಿ ಬಿಳಿಯರ ಬಟ್ಟೆ ಒಗೆದು ಸಂಸಾರ ತೂಗಿಸಿದರು. ಒಗೆದ ಬಟ್ಟೆ ಮನೆಮನೆಗೆ ಮುಟ್ಟಿಸುವುದು ಹುಡುಗಿ ಮ್ಯಾಗಿಯ ಕೆಲಸ. ಮುಂದೆ ಓದಿ ಟೀಚರ್ ಆದರು. 1886ರಲ್ಲಿ ಮದುವೆಯಾಯಿತು, ಕೆಲಸ ಹೋಯಿತು. ಮದುವೆಯಾದ ಹೆಂಗಸು ಅಲ್ಲಿ ಪಾಠ ಹೇಳುವ ಹಾಗಿರಲಿಲ್ಲ!

ಕಾಯಿಲೆ, ಸಾವಿನ ಹೊತ್ತಿಗೆ ಆಸರೆಯಾಗಲೆಂದು ಕಪ್ಪು ಜನ ನಡೆಸುತ್ತಿದ್ದ ಸೇಂಟ್ ಲ್ಯೂಕ್ ಸಂಘದ ಹೊಣೆ 1899ರಲ್ಲಿ ಮ್ಯಾಗಿಯ ತಲೆಗೆ ಬಂತು. ಆಗ ಪೆಟ್ಟಿಗೆಯಲ್ಲಿದ್ದದ್ದು 31 ಡಾಲರ್ 61 ಸೆಂಟ್. ಕೊಡಬೇಕಾದ ಬಿಲ್ಲುಗಳು ರಾಶಿ.

ನಾಲ್ಕೇ ವರ್ಷದಲ್ಲಿ, 1903ರ ನವೆಂಬರಿನಲ್ಲಿ, ಅದೇ ಸಂಘದಿಂದ ಸೇಂಟ್ ಲ್ಯೂಕ್ ಪೆನ್ನಿ ಸೇವಿಂಗ್ಸ್ ಬ್ಯಾಂಕ್ ಎದ್ದಿತು. ನಮ್ಮ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಬ್ಯಾಂಕ್ ಶುರು ಮಾಡಿದ್ದು ಇದಾಗಿ ಮೂರು ವರ್ಷಕ್ಕೆ. ಬಟ್ಟೆ ಒಗೆಯುವವರು, ಮನೆಗೆಲಸದವರು ಪುಡಿಗಾಸು ತಂದು ಕಟ್ಟಿದರು. ಮಕ್ಕಳಿಗೂ ಕಾಸು ಕೂಡಿಡಲು ರಟ್ಟಿನ ಡಬ್ಬಿ ಕೊಟ್ಟರು. ಆಡಳಿತ ಮಂಡಳಿಯಲ್ಲೂ ಹೆಂಗಸರಿದ್ದರು. 1920ರ ಹೊತ್ತಿಗೆ ಈ ಬ್ಯಾಂಕಿನ ಸಾಲದಿಂದ 600ಕ್ಕೂ ಹೆಚ್ಚು ಕುಟುಂಬಗಳು ಸ್ವಂತ ಮನೆ ಕೊಂಡಿದ್ದವು. ಮನೆಯಲ್ಲೇ ಬಟ್ಟೆ ಒಗೆದು ದುಡಿಯುವ ಹೆಂಗಸಿಗೆ ಸ್ವಂತ ಅಂಗಳ ಅಂದರೆ ಸ್ವಂತ ಕಾರ್ಖಾನೆಯೇ ಅಲ್ವಾ? ಬಾಡಿಗೆಗೆ ಹೋಗುತ್ತಿದ್ದ ದುಡ್ಡೂ ಉಳಿಯಿತು.

ಎಲ್ಲವೂ ಗೆದ್ದಿತು ಅನ್ನಲಾರೆವು. 1905ರಲ್ಲಿ ಮ್ಯಾಗಿ ದೊಡ್ಡದೊಂದು ಬಟ್ಟೆ-ಸಾಮಾನಿನ ಅಂಗಡಿ ತೆರೆದರು. ಕಪ್ಪು ಹೆಣ್ಣುಮಕ್ಕಳು ಒಗೆಯುವ ತೊಟ್ಟಿ ಬಿಟ್ಟು ಕೌಂಟರಿನ ಹಿಂದೆ ನಿಲ್ಲಬೇಕು ಅನ್ನುವ ಆಸೆ ಅವರದು. ಬಿಳಿಯ ವ್ಯಾಪಾರಿಗಳು ಒಂದಾಗಿ, ಸಗಟು ಮಾರುವವರು ಆ ಅಂಗಡಿಗೆ ಮಾಲು ಕೊಡದಂತೆ ಒತ್ತಡ ಹೇರಿದರು. ಅದಕ್ಕಿಂತ ನೋವಿನ ಸಂಗತಿ, ತಮ್ಮವರೇ ಆ ಅಂಗಡಿ ದಾಟಿ ಬಿಳಿಯರ ಅಂಗಡಿಗೆ ಹೋಗುತ್ತಿದ್ದರು. ಮ್ಯಾಗಿ ಸಭೆಗಳಲ್ಲಿ ಈ ಬಗ್ಗೆ ಕಟುವಾಗಿಯೇ ಮಾತಾಡಿದರು. ಪ್ರಯೋಜನವಾಗಲಿಲ್ಲ. 1911ರಲ್ಲಿ ಅಂಗಡಿ ಮುಚ್ಚಿತು.

1915ರಲ್ಲಿ ಇನ್ನೂ ದೊಡ್ಡ ಪೆಟ್ಟು. ಕಳ್ಳ ಎಂದು ತಪ್ಪು ತಿಳಿದು ಮಗ ಹಾರಿಸಿದ ಗುಂಡಿಗೆ ಗಂಡ ತೀರಿಹೋದರು. ಕೊಲೆ ಮೊಕದ್ದಮೆಯಲ್ಲಿ ಮಗ ನಿರ್ದೋಷಿಯಾದ. ಅಷ್ಟರಲ್ಲಿ ಮ್ಯಾಗಿಯನ್ನು ಸಂಘದಿಂದ ಇಳಿಸಲು ನೋಡಿದವರೂ ಇದ್ದರು. ಅವರು ಕದಲಲಿಲ್ಲ.

ಮಹಾ ಆರ್ಥಿಕ ಕುಸಿತದಲ್ಲಿ ಅಮೆರಿಕದ ಸಾವಿರಾರು ಬ್ಯಾಂಕುಗಳು ಮುಳುಗಿದವು. ಮ್ಯಾಗಿ ತಮ್ಮ ಬ್ಯಾಂಕನ್ನು ಊರಿನ ಬೇರೆ ಕಪ್ಪು ಬ್ಯಾಂಕುಗಳ ಜೊತೆ ಸೇರಿಸಿ ಉಳಿಸಿದರು. ಅಷ್ಟೊತ್ತಿಗೆ ಕಾಲು ಸೋತು ಗಾಲಿಕುರ್ಚಿ ಹಿಡಿದಿದ್ದರೂ ಕೆಲಸ ಬಿಡಲಿಲ್ಲ. ಅವರು ತೀರಿಕೊಂಡದ್ದು 1934ರ ಡಿಸೆಂಬರ್ 15ರಂದು. ಬ್ಯಾಂಕ್ ಆಗಲೂ ಬಾಗಿಲು ತೆರೆದೇ ಇತ್ತು.