ರಂಗಾಚಾರ್ಲು ಮತ್ತು ತಾಲ್ಲೂಕೆಂಬ ಮತಕ್ಷೇತ್ರ

ಮೈಸೂರು ಸಂಸ್ಥಾನದ ದಿವಾನ ಸಿ.ವಿ. ರಂಗಾಚಾರ್ಲು (1831-1883) ಅವರನ್ನು ಚರಿತ್ರಕಾರರು ಪ್ರಜಾಪ್ರತಿನಿಧಿ ಸಭೆಯ ಸ್ಥಾಪಕರೆಂದು ಗುರುತಿಸಿದ್ದಾರೆ. ಆದರೆ ಅವರು ಪ್ರಾತಿನಿಧ್ಯದ ಘಟಕವಾಗಿ ತಾಲ್ಲೂಕನ್ನೇ ಆರಿಸಿಕೊಂಡುದು ಅಷ್ಟಾಗಿ ಗಮನಕ್ಕೆ ಬಂದಿಲ್ಲ. ಈ ಆಯ್ಕೆಯ ಹಿನ್ನೆಲೆಯನ್ನು ಅವರ ವೃತ್ತಿಜೀವನದಲ್ಲಿಯೇ ಕಾಣಬಹುದು.

ಚೆಂಗಲ್ಪಟ್ಟು ಜಿಲ್ಲೆಯಲ್ಲಿ ಜನಿಸಿದ ಅವರು ಮದರಾಸು ಪ್ರಾಂತ್ಯದಲ್ಲಿ ಗುಮಾಸ್ತರಾಗಿ ಸೇವೆ ಆರಂಭಿಸಿ, ಇನಾಂ ಭೂಮಿಗಳ ಇತ್ಯರ್ಥದ ಕಾರ್ಯದಲ್ಲಿ ಪಳಗಿದರು. ಮುಮ್ಮಡಿ ಕೃಷ್ಣರಾಜ ಒಡೆಯರು 1868ರಲ್ಲಿ ನಿಧನರಾದ ಬಳಿಕ ಅರಮನೆಯ ವ್ಯವಹಾರಗಳನ್ನು ಕ್ರಮಗೊಳಿಸಲು ಮೈಸೂರಿಗೆ ಬಂದರು. 1881ರ ಮಾರ್ಚ್ 25ರಂದು ಆಡಳಿತವು ಹತ್ತನೆಯ ಚಾಮರಾಜ ಒಡೆಯರಿಗೆ ಮರಳಿದಾಗ ದಿವಾನರಾದರು. 1876-78ರ ಭೀಕರ ಕ್ಷಾಮದಿಂದ ಬೊಕ್ಕಸ ಬರಿದಾಗಿದ್ದ ಕಾಲವದು.

ಅದೇ ವರ್ಷದ ಅಕ್ಟೋಬರ್ 7ರಂದು 144 ಸದಸ್ಯರ ಸಭೆ ಮೈಸೂರಿನಲ್ಲಿ ಮೊದಲ ಬಾರಿಗೆ ಸೇರಿತು. ಪ್ರತಿ ತಾಲ್ಲೂಕಿನಿಂದ ಭೂಹಿಡುವಳಿದಾರರಾದ ರೈತರು, ಪ್ರತಿ ಜಿಲ್ಲೆಯಿಂದ ಪ್ರಮುಖ ವರ್ತಕರು ಬಂದಿದ್ದರು. ಶಾಸನಾಧಿಕಾರವಿರಲಿಲ್ಲ, ಅಹವಾಲು ಹೇಳುವ ಅವಕಾಶವಷ್ಟೇ ಇತ್ತು. ಭೂಕಂದಾಯದ ಅನುಭವಿ ಅಧಿಕಾರಿಗೆ ಪ್ರಜೆಯೆಂದರೆ ಮೊದಲು ಕಂದಾಯ ಕೊಡುವ ರೈತ. ಅವನ ಲೆಕ್ಕವಿರುವ ತಾಲ್ಲೂಕೇ ಸಹಜ ಕ್ಷೇತ್ರ. ಸುತ್ತೂರಿನಂತಹ ಊರಿನ ಮಾತು ನಂಜನಗೂಡು ತಾಲ್ಲೂಕಿನ ಮೂಲಕವೇ ಸಭೆಗೆ ಮುಟ್ಟಬೇಕಿತ್ತು. ಭೂಮಿಯಿಲ್ಲದವರಿಗೆ ಅಲ್ಲಿ ಸ್ಥಾನವಿರಲಿಲ್ಲ.

ಆಡಳಿತದ ಎಲ್ಲೆಯೇ ಪ್ರಾತಿನಿಧ್ಯದ ಎಲ್ಲೆಯಾದುದರಿಂದ ಒಂದು ಕದಲಿದರೆ ಇನ್ನೊಂದೂ ಕದಲುತ್ತಿತ್ತು. ಮಿತವ್ಯಯದ ಸಲುವಾಗಿ 1882ರಲ್ಲಿ ಹಾಸನ ಮತ್ತು ಚಿತ್ರದುರ್ಗ ಜಿಲ್ಲೆಗಳನ್ನು ರದ್ದುಪಡಿಸಲಾಯಿತು. 1886ರಲ್ಲಿ ಅವು ಮತ್ತೆ ಜಿಲ್ಲೆಗಳಾದವು. ಅದನ್ನು ಕಾಣಲು ರಂಗಾಚಾರ್ಲು ಉಳಿದಿರಲಿಲ್ಲ. 1883ರ ಜನವರಿ 20ರಂದು ಅವರು ನಿಧನರಾದರು.

ಅನಂತರ 1891ರಲ್ಲಿ ಚುನಾವಣೆ ಜಾರಿಗೆ ಬಂದಿತು. 1923ರಲ್ಲಿ ಸಭೆಗೆ ಶಾಸನಬದ್ಧ ಸ್ಥಾನ ದೊರೆಯಿತು. 1949ರಲ್ಲಿ ಅದು ರದ್ದಾಯಿತು. ಸಾರ್ವತ್ರಿಕ ಮತದಾನವು ಭೂಮಿಗೆ ಬದಲು ತಲೆಯನ್ನು ಎಣಿಸತೊಡಗಿದ ಮೇಲೆ ತಾಲ್ಲೂಕಿನ ಗಡಿ ಸಾಲದಾಯಿತು. 2001ರ ಜನಗಣತಿಯನ್ನು ಆಧರಿಸಿ 2008ರಲ್ಲಿ ಜಾರಿಗೆ ಬಂದ ಪುನರ್ವಿಂಗಡಣೆಯಲ್ಲಿ ತಿ. ನರಸೀಪುರ ತಾಲ್ಲೂಕಿನ ಬನ್ನೂರು ಕ್ಷೇತ್ರ ಅಳಿಯಿತು. ಮೈಸೂರು, ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ಭಾಗಗಳು ಕೂಡಿ ವರುಣಾ ಕ್ಷೇತ್ರ ಮೂಡಿತು. ನಂಜನಗೂಡು ಪರಿಶಿಷ್ಟ ಜಾತಿಗೆ ಮೀಸಲಾಯಿತು. ರಂಗಾಚಾರ್ಲು ಅವರ ಸಭೆಯ ಹೊರಗೆ ನಿಂತಿದ್ದವರ ಮಕ್ಕಳು ಮೊಮ್ಮಕ್ಕಳು ಈಗ ಆ ಕ್ಷೇತ್ರದ ಪ್ರತಿನಿಧಿಗಳಾಗಬಲ್ಲರು. ತಾಲ್ಲೂಕು ಒಡೆದುದನ್ನು ಕೇವಲ ನಷ್ಟವೆಂದು ಬಗೆಯುವ ಮುನ್ನ ಈ ಗಳಿಕೆಯನ್ನೂ ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ.